‘ಸೀಟಿಲ್ಲ’ ಎಂಬ ಅಪರಾಧ

ಆಟಿಸಂ ಇರುವ ಮಗುವಿಗೆ ಶಾಲೆಯ ಬಾಗಿಲು ಮುಚ್ಚುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧ. ಇದರಲ್ಲಿ ಎರಡು ಮಾತಿಲ್ಲ. 2016ರಲ್ಲಿ ಸಂಸತ್ತು ಒಪ್ಪಿ, 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಅನುದಾನ ಪಡೆಯುವ ಶಾಲೆಯಿರಲಿ, ಬರೀ ಮಾನ್ಯತೆ ಪಡೆದ ಖಾಸಗಿ ಶಾಲೆಯಿರಲಿ, ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಅವರಿಗೆ ತಕ್ಕ ಅನುಕೂಲ ಕಲ್ಪಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಅದರ 16ನೇ ಸೆಕ್ಷನ್ ಸರ್ಕಾರದ ಮೇಲೆ ಹೊರಿಸಿದೆ. ವೈಕಲ್ಯದ ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವ ಮಗುವಿಗೆ 6ರಿಂದ 18ನೇ ವಯಸ್ಸಿನವರೆಗೆ ಉಚಿತ ಶಿಕ್ಷಣ ಹಕ್ಕು. ಕಾಯ್ದೆ ಮುರಿದವರಿಗೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಇಷ್ಟೆಲ್ಲ ಪುಸ್ತಕದಲ್ಲಿದ್ದೂ ಪ್ರತಿ ವರ್ಷ ಅಡ್ಮಿಶನ್ ಸಮಯದಲ್ಲಿ ನಮ್ಮ ಊರುಗಳಲ್ಲಿ ಅಪ್ಪ ಅಮ್ಮಂದಿರು ಮಗುವಿನ ಕೈ ಹಿಡಿದುಕೊಂಡು ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಸಂಜೆ ಅದೇ ಕೈ ಹಿಡಿದುಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಾರೆ.

ಯಾವ ಶಾಲೆಯೂ ‘ನಿಮ್ಮ ಮಗುವಿಗೆ ಆಟಿಸಂ ಇದೆ, ಅದಕ್ಕೆ ಸೇರಿಸಿಕೊಳ್ಳುವುದಿಲ್ಲ’ ಎಂದು ಬರೆದುಕೊಡುವುದಿಲ್ಲ. ಮಾತೆಲ್ಲ ಬಾಯಲ್ಲೇ, ಅದೂ ಬಹಳ ಮೃದುವಾಗಿ. ‘ಮೇಡಂ, ನಮ್ಮಲ್ಲಿ ಫೆಸಿಲಿಟಿ ಇಲ್ಲ’, ‘ನಿಮ್ಮ ಮಗುವಿನ ಒಳ್ಳೆಯದಕ್ಕೇ ಹೇಳ್ತಿದ್ದೀವಿ’, ‘ಒಂದು ವರ್ಷ ಥೆರಪಿ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ.’ ನಿನ್ನೆ ಫೋನಿನಲ್ಲಿ ‘ಸೀಟಿದೆ, ಬನ್ನಿ’ ಎಂದಿದ್ದ ಕಚೇರಿ, ಇಂದು ಮಗು ಕುರ್ಚಿಯಲ್ಲಿ ಕೂರದೆ ಕೋಣೆಯನ್ನು ಎರಡು ಸುತ್ತು ಹಾಕಿದ್ದನ್ನು ಕಂಡ ಕೂಡಲೇ ‘ಸೀಟೆಲ್ಲ ತುಂಬಿಹೋಯಿತು ಸಾರ್’ ಎನ್ನುತ್ತದೆ. ಈ ‘ಇಂಟರ್ಯಾಕ್ಷನ್’ ಎಂಬುದೇ ಮೊದಲ ಅಪರಾಧ. ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಸೆಕ್ಷನ್ ಪ್ರಕಾರ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಆರಿಸಿದರೆ ಮೊದಲ ಸಲ 25 ಸಾವಿರ, ಆಮೇಲೆ ಪ್ರತಿ ಸಲ 50 ಸಾವಿರ ರೂಪಾಯಿವರೆಗೆ ದಂಡ. ಬಣ್ಣ ಗುರುತಿಸು, ಹೆಸರು ಹೇಳು, ಆಂಟಿಗೆ ಗುಡ್ ಮಾರ್ನಿಂಗ್ ಹೇಳು ಎಂದು ಮಗುವನ್ನು ಕೂರಿಸಿ ಕೇಳುವುದು ಹೊರಗೆ ನಿಲ್ಲಿಸಬೇಕಾದವರನ್ನು ಹುಡುಕಲಿಕ್ಕೆ. ಈ ಬೇಟೆಗೆ ಮೊದಲು ಸಿಕ್ಕಿಬೀಳುವುದು ಕರೆದರೆ ತಿರುಗಿ ನೋಡದ, ಹೊಸ ಜಾಗದ ಬೆಳಕು ಸದ್ದುಗಳಿಗೆ ಬೆದರಿ ಕಿವಿ ಮುಚ್ಚಿಕೊಳ್ಳುವ ಮಗು.

ಸೇರಿಸಿಕೊಂಡ ಶಾಲೆಗಳಲ್ಲೂ ಎಲ್ಲ ಸರಿಯಿದೆ ಎನ್ನುವಂತಿಲ್ಲ. ಮಗುವಿನ ಪಕ್ಕದಲ್ಲೇ ಕೂರುವ ‘ಶ್ಯಾಡೋ ಟೀಚರ್’ ಇಟ್ಟುಕೊಳ್ಳಿ, ಆಕೆಯ ಸಂಬಳ ನೀವೇ ಕೊಡಿ ಎನ್ನುವುದು ಈಗ ಬೆಂಗಳೂರಿನಲ್ಲಿ ರೂಢಿ. ಪೂರ್ತಿ ಫೀ ಕಟ್ಟಿಸಿಕೊಂಡು ಮಗುವನ್ನು ಹನ್ನೊಂದು ಗಂಟೆಗೇ ಮನೆಗೆ ಕಳಿಸುವುದು, ವಾರ್ಷಿಕೋತ್ಸವದ ದಿನ ‘ಗಲಾಟೆ ಅವನಿಗೆ ಆಗಲ್ಲ ಅಲ್ವಾ’ ಎಂದು ಮನೆಯಲ್ಲೇ ಉಳಿಸುವುದು, ಟ್ರಿಪ್ಪಿಗೆ ಬೇಡ ಎನ್ನುವುದು. ಕೊನೆಗೆ ಮೂರನೇ ತರಗತಿಯಲ್ಲೋ ನಾಲ್ಕನೇ ತರಗತಿಯಲ್ಲೋ ಪೋಷಕರನ್ನು ಕರೆಸಿ, ನೀವೇ ಅರ್ಜಿ ಬರೆದುಕೊಟ್ಟು ಟಿ.ಸಿ. ತೆಗೆದುಕೊಂಡು ಹೋಗಿ ಎಂದು ಒತ್ತಾಯಿಸುವುದು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆ ಕಾರಣಕ್ಕೇ ಅರ್ಜಿಯನ್ನು ಪೋಷಕರ ಕೈಯಲ್ಲೇ ಬರೆಸುತ್ತಾರೆ. ಹೊರಹಾಕಿದವರು ಯಾರೂ ಇಲ್ಲ, ಮಗು ತಾನಾಗಿಯೇ ಹೋಯಿತು ಎಂದು ದಾಖಲೆ ಹೇಳುತ್ತದೆ.

ಇದರ ಪರಿಣಾಮ ಏನಾಗಿದೆ ಎಂಬುದನ್ನು ಶಿಕ್ಷಣ ಸಂಸ್ಥೆಗಳು ಕಣ್ಣು ತೆರೆದು ನೋಡಬೇಕು. ಪೋಷಕರು ಡಯಾಗ್ನೋಸಿಸ್ ಮುಚ್ಚಿಡಲು ಕಲಿತಿದ್ದಾರೆ. ವರದಿಯನ್ನು ಬೀರುವಿನಲ್ಲಿಟ್ಟು, ‘ಮಾತು ಸ್ವಲ್ಪ ತಡ, ಅವರಪ್ಪನೂ ಹಾಗೇ ಇದ್ದರು’ ಎಂದು ಹೇಳಿ ಸೇರಿಸುತ್ತಾರೆ. ಗೊತ್ತಿಲ್ಲದ ಶಿಕ್ಷಕಿ ಮಗುವನ್ನು ಹಟಮಾರಿ ಎಂದು ಗದರುತ್ತಾಳೆ. ಆಟದ ಮೈದಾನದಲ್ಲಿ ಉಳಿದವರು ಗೋಳುಹೊಯ್ದುಕೊಳ್ಳುತ್ತಾರೆ. ಮಗುವಿಗೆ ಆಗುತ್ತಿರುವುದನ್ನು ಹೇಳಲು ಮಾತಿಲ್ಲ. ಸುಳ್ಳು ಹೇಳಿದರು ಎಂದು ಈ ತಾಯ್ತಂದೆಯರ ಮೇಲೆ ಬೆರಳು ತೋರಿಸುವ ಅಧಿಕಾರ, ನಿಜ ಹೇಳಿದವರನ್ನು ಗೇಟಿನಿಂದ ವಾಪಸು ಕಳಿಸಿದ ಯಾರಿಗೂ ಇಲ್ಲ.

ಆದರೆ ಖಾಸಗಿ ಶಾಲೆಯೊಂದನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ದೊಡ್ಡ ತಪ್ಪಿತಸ್ಥ ತಪ್ಪಿಸಿಕೊಳ್ಳುತ್ತಾನೆ. ಅದು ರಾಜ್ಯ ಸರ್ಕಾರ, ಅದರಲ್ಲೂ ಶಾಲಾ ಶಿಕ್ಷಣ ಇಲಾಖೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ವೈಕಲ್ಯವಿರುವ ಮಕ್ಕಳನ್ನು ಅವಕಾಶವಂಚಿತರ ಗುಂಪಿಗೆ ಸೇರಿಸಿತು. ಅಂದರೆ ಖಾಸಗಿ ಶಾಲೆಗಳ ಶೇ 25ರ ಸೀಟುಗಳಲ್ಲಿ ಈ ಮಕ್ಕಳಿಗೂ ದಾರಿ ತೆರೆಯಿತು. ಆಮೇಲೆ ಕರ್ನಾಟಕ ತನ್ನ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಿತು. 2019ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಉಳಿಯಬೇಕು, ಅಲ್ಲಿಗೇ ಮಕ್ಕಳು ಬರಬೇಕು ಎಂಬ ವಾದವನ್ನು ನಾವು ಒಪ್ಪುತ್ತೇವೆ. ಹಾಗೆ ಬಂದ ಆಟಿಸಂ ಮಗುವಿಗೆ ಆ ಸರ್ಕಾರಿ ಶಾಲೆಯಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಇಲಾಖೆ ತಲೆ ತಗ್ಗಿಸಬೇಕಾಗುತ್ತದೆ.

ಅಲ್ಲಿರುವುದು ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆಯುತ್ತ, ಚುನಾವಣೆಗೂ ಗಣತಿಗೂ ಓಡುವ ಶಿಕ್ಷಕಿ. ಆಕೆಯನ್ನು ದೂರುವುದು ಅನ್ಯಾಯ. ವಿಶೇಷ ಶಿಕ್ಷಣದ ತರಬೇತಿ ಪಡೆದವರು ಶಾಲೆಗೆ ಸೇರಿದವರಲ್ಲ. ಬ್ಲಾಕಿಗೆ ಬೆರಳೆಣಿಕೆಯಷ್ಟು ಇರುವ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳು ಇಡೀ ತಾಲ್ಲೂಕಿನ ಶಾಲೆಗಳನ್ನೂ ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗಳನ್ನೂ ಸುತ್ತಬೇಕು. ದಿನವೂ ಒಂದೇ ಮುಖ, ಒಂದೇ ವೇಳೆ, ಒಂದೇ ಕ್ರಮ ಬೇಕಾಗುವ ಮಗುವಿಗೆ ಎಂದೋ ಒಮ್ಮೆ ಬಂದು ಹೋಗುವ ಶಿಕ್ಷಕರಿಂದ ಏನು ಪ್ರಯೋಜನ? 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲೆಕ್ಕವನ್ನೇ ಹಾಕಿಕೊಟ್ಟಿತು: ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು, ಕಾಯಂ ಹುದ್ದೆ ಸೃಷ್ಟಿಸಿ ತುಂಬಬೇಕು. ಮೂರು ವರ್ಷ ಕಳೆದ ಮೇಲೆ, 2025ರ ಮಾರ್ಚ್‌ನಲ್ಲಿ, ಹುದ್ದೆಗಳ ಸಂಖ್ಯೆಯನ್ನಾದರೂ ಅಧಿಸೂಚನೆ ಹೊರಡಿಸಿ ಪ್ರಕಟಿಸಿ ಎಂದು ಅದೇ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಾಲಯದ ಮಾತಿಗೆ ಸರ್ಕಾರಗಳು ತೋರಿದ ಅಸಡ್ಡೆಯ ಅಳತೆ ಇದು. ಆ ಮೂರು ವರ್ಷದಲ್ಲಿ ಆರು ವರ್ಷದ ಮಗು ಒಂಬತ್ತು ದಾಟಿತು. ಕಲಿಕೆಗೆ ಮನಸ್ಸು ಮೆದುವಾಗಿರುವ ವರ್ಷಗಳು ಕಡತದ ದಾರದೊಳಗೆ ಕಳೆದುಹೋದವು, ಮತ್ತು ಅವನ್ನು ಯಾವ ಆದೇಶವೂ ಹಿಂದಕ್ಕೆ ತರಲಾರದು.

ಇಷ್ಟಾದರೂ ಇಲಾಖೆ ಅಲುಗಾಡಿದ್ದರೆ ಅದಕ್ಕೆ ಕಾರಣ ಪೋಷಕರು. ಆಟಿಸಂನ ಇತಿಹಾಸವಿಡೀ ಹೀಗೆಯೇ ಇದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಾಯಿಯನ್ನು ದೂರುವ ಚಾಳಿ ನಮ್ಮಲ್ಲಿನ್ನೂ ಹೋಗಿಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಈ ಸ್ಥಿತಿಯನ್ನು ವಿವರಿಸಿದ. ಹುಟ್ಟಿನಿಂದ ಬಂದದ್ದು ಎಂದು ಆತ ಬರೆದಿದ್ದರೂ, ಪೋಷಕರಲ್ಲಿ ಅಕ್ಕರೆ ಕಡಿಮೆ ಎಂಬ ಮಾತನ್ನೂ ಸೇರಿಸಿದ. ಆ ಒಂದು ಮಾತು ಹಬ್ಬಿ ಎರಡು ದಶಕ ತಾಯಂದಿರನ್ನು ಸುಟ್ಟಿತು. ಶಿಕಾಗೊದ ಬ್ರೂನೊ ಬೆಟಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ತಾಯಿಯ ತಣ್ಣಗಿನ ಮನಸ್ಸೇ ಮಗುವನ್ನು ಹೀಗೆ ಮಾಡಿತೆಂದು ವಾದಿಸಿ, ಮಗುವನ್ನು ಹೆತ್ತವರಿಂದ ದೂರ ಇಡುವುದೇ ದಾರಿ ಎಂದ. ಅದನ್ನು ಮುರಿದದ್ದು ಒಬ್ಬ ಅಪ್ಪ. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲೇ ಇದು ಮೆದುಳಿನ ಬೆಳವಣಿಗೆಯ ವಿಷಯ, ಸಾಕಿದ ರೀತಿಯ ತಪ್ಪಲ್ಲ ಎಂದು ಆಧಾರ ಸಮೇತ ಬರೆದು, ಮರುವರ್ಷ ಇತರ ಪೋಷಕರ ಜತೆ ಸಂಘ ಕಟ್ಟಿದ. ಲಂಡನ್ನಿನಲ್ಲಿ 1962ರಲ್ಲೇ ಪೋಷಕರು ಒಂದಾಗಿದ್ದರು. ಅವರಲ್ಲಿ ಒಬ್ಬಳಾದ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿ ಲೋರ್ನಾ ವಿಂಗ್ ಮುಂದೆ ಇಡೀ ಜಗತ್ತು ಆಟಿಸಂ ನೋಡುವ ಕಣ್ಣನ್ನೇ ಬದಲಿಸಿದಳು. ಭಾರತದಲ್ಲಿ 1991ರಲ್ಲಿ ದೆಹಲಿಯ ಮೆರ್ರಿ ಬರುವಾ ಎಂಬ ತಾಯಿ ‘ಆ್ಯಕ್ಷನ್ ಫಾರ್ ಆಟಿಸಂ’ ಆರಂಭಿಸಿದರು. 1995ರ ನಮ್ಮ ಅಂಗವಿಕಲರ ಕಾಯ್ದೆಯ ಏಳು ವೈಕಲ್ಯಗಳಲ್ಲಿ ಆಟಿಸಂಗೆ ಜಾಗವೇ ಇರಲಿಲ್ಲ. ಪೋಷಕರು ಬೆನ್ನು ಹತ್ತಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದರ ಹೆಸರು ಬಂತು. ಶಿಕ್ಷಣ ಉದ್ಯೋಗಗಳ ಹಕ್ಕು ಕೊಡುವ ಕಾಯ್ದೆಯೊಳಗೆ ಬರಲು 2016ರವರೆಗೆ ಕಾಯಬೇಕಾಯಿತು.

ವಿಜ್ಞಾನ ದಶಕಗಳ ಹಿಂದೆಯೇ ಬಿಟ್ಟುಬಿಟ್ಟ ಆ ಆರೋಪ ನಮ್ಮ ಹಜಾರಗಳಲ್ಲಿ ಇಂದಿಗೂ ಜೀವಂತ. ‘ಬಸುರಿಯಾಗಿದ್ದಾಗ ಟೆನ್ಷನ್ ಮಾಡಿಕೊಂಡಳು’, ‘ಕೆಲಸಕ್ಕೆ ಹೋಗುತ್ತಾಳೆ, ಮಗುವಿನ ಜತೆ ಮಾತಾಡುವವರು ಯಾರು?’, ‘ಮೊಬೈಲ್ ಕೊಟ್ಟು ಕೂರಿಸಿದರೆ ಇನ್ನೇನಾಗುತ್ತದೆ?’ ಅತ್ತೆಮನೆಯವರು ಹೇಳುತ್ತಾರೆ, ನೆಂಟರು ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ಇದು ಸುಳ್ಳು. ಆಟಿಸಂನ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ, ಮೆದುಳು ರೂಪುಗೊಳ್ಳುವ ಬಗೆಯಲ್ಲಿದೆ. ಈ ಸುಳ್ಳಿನಿಂದಾಗಿ ಎಷ್ಟೋ ತಾಯಂದಿರು ಮಗುವಿನ ಜತೆ ತಮ್ಮನ್ನೂ ಮನೆಯೊಳಗೆ ಬಚ್ಚಿಟ್ಟುಕೊಂಡಿದ್ದಾರೆ, ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ಬೆಂಗಳೂರಿನ ಹೊರಗೆ ಈ ಬದುಕು ಇನ್ನೂ ಕಠಿಣ. ರಾಯಚೂರಿನದೋ ಬೀದರಿನದೋ ತಾಯಿ ಎರಡು ವರ್ಷದ ಮಗ ಬೆರಳು ತೋರಿಸಿ ಏನನ್ನೂ ಕೇಳುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ ಎಂದು ಗಮನಿಸುತ್ತಾಳೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಆಟಿಸಂ ಇದೆ, ಅಂಗನವಾಡಿಗೆ ತಂಡ ಬರಬೇಕೆಂದಿದೆ. ಅಲ್ಲಿ ಗುರುತಾಗಬೇಕಿದ್ದ ಮಗುವಿಗೆ ‘ಗಂಡು ಮಕ್ಕಳು ಮಾತು ಕಲಿಯುವುದು ತಡ, ಕಾಯಿರಿ’ ಎಂಬ ಉತ್ತರ ಸಿಗುತ್ತದೆ. ಕೊನೆಗೆ ರಾತ್ರಿ ಬಸ್ಸು ಹತ್ತಿ ನಿಮ್ಹಾನ್ಸ್‌ಗೋ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೋ ಬರಬೇಕು. ಈ ಎರಡೂ ಸಂಸ್ಥೆಗಳು ನಾಡಿನ ಹೆಮ್ಮೆ, ಅಲ್ಲಿನ ಕೆಲಸಕ್ಕೆ ನಮ್ಮ ಗೌರವವಿದೆ. ಆದರೆ ಎರಡು ಊರುಗಳ ಎರಡು ಸಂಸ್ಥೆಗಳ ಮೇಲೆ ಇಡೀ ರಾಜ್ಯ ಭಾರ ಹಾಕಿ ಕೂರುವುದು ಆಡಳಿತವಲ್ಲ. ಡಯಾಗ್ನೋಸಿಸ್ ಆದ ಮೇಲೆ ಸರ್ಟಿಫಿಕೇಟ್. ಐಎಸ್‌ಎಎ ಎಂಬ 40 ಅಂಶಗಳ ಮಾಪನದಲ್ಲಿ ಅಂಕ ಬರಬೇಕು, ಜಿಲ್ಲಾಸ್ಪತ್ರೆಯ ಮಂಡಳಿ ಶೇಕಡಾವಾರು ಹಾಕಬೇಕು, ಯುಡಿಐಡಿ ಎಂಬ ಗುರುತಿನ ಕಾರ್ಡು ಬರಬೇಕು, ಮಗು ಬೆಳೆದಂತೆ ಮತ್ತೆ ಬಂದು ನವೀಕರಿಸಬೇಕು. ಗದ್ದಲದ ಸಾಲಿನಲ್ಲಿ ಮೂರು ಗಂಟೆ ನಿಲ್ಲಲಾರದ ಮಗುವಿಗೆ ಆ ಸಾಲಿನಲ್ಲೇ ನಿಂತು ತನ್ನ ವೈಕಲ್ಯ ಸಾಬೀತುಪಡಿಸು ಎನ್ನುವ ಕ್ರೂರ ವ್ಯವಸ್ಥೆಯಿದು.

ಆಮೇಲೆ ಥೆರಪಿ. ಸ್ಪೀಚ್, ಓಟಿ, ಬಿಹೇವಿಯರ್ ಎಂದು ವಾರಕ್ಕೆ ಹಲವು ಸೆಷನ್. ಮುಕ್ಕಾಲು ಗಂಟೆಯ ಒಂದೊಂದು ಸೆಷನ್ನಿಗೂ ಕೂಲಿ ಮಾಡುವವರ ಒಂದೆರಡು ದಿನದ ದುಡಿಮೆ ಹೋಗುತ್ತದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಭರಿಸುತ್ತದೆ, ಆದರೆ ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ಲು ಕಳಿಸಬೇಕು. ಕೈಯಲ್ಲಿ ಹಣವೇ ಇಲ್ಲದವರಿಗೆ ಆ ನೆರವು ದೂರವೇ ಉಳಿಯುತ್ತದೆ. ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಾಗುತ್ತದೆ, ಬಿಡುವುದು ಸಾಮಾನ್ಯವಾಗಿ ತಾಯಿ. ಹಿಮಾಚಲದ ಕಾಲೇಜು ಅಧ್ಯಾಪಕಿಯೊಬ್ಬರು ವೈಕಲ್ಯವಿರುವ ಮಗನ ಆರೈಕೆಗೆ ರಜೆ ಕೇಳಿ, ಅದು ಸಿಗದೆ ಹೋದಾಗ, ಹೆಣ್ಣುಮಕ್ಕಳು ದುಡಿಮೆಯಲ್ಲಿರುವುದು ಯಾರದೋ ಕೃಪೆಯಲ್ಲ, ಸಂವಿಧಾನ ಕೊಟ್ಟ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಸರ್ಕಾರಿ ನೌಕರಿಯಲ್ಲಿರುವವರಿಗೆ ಅದು ಆಸರೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ತಾಯಿಗೆ ಏನಿದೆ?

ಹೀಗೆ ದಣಿದವರ ಮೇಲೆ ಎರಗುವ ಒಂದು ವ್ಯಾಪಾರವೂ ಇದೆ. ವಾಸಿ ಮಾಡುತ್ತೇವೆ ಎನ್ನುವವರ ವ್ಯಾಪಾರ. ಸ್ಟೆಮ್ ಸೆಲ್ ಚುಚ್ಚುಮದ್ದು, ಆಮ್ಲಜನಕದ ಕೊಠಡಿ, ದೇಹದಿಂದ ಲೋಹ ತೆಗೆಯುವ ಔಷಧ, ಹೆಸರೇ ಇಲ್ಲದ ಪುಡಿಗಳು. ಆಟಿಸಂಗೆ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಹೊಲ ಅಡವಿಟ್ಟು ಲಕ್ಷಗಟ್ಟಲೆ ತಂದುಕೊಟ್ಟವರ ಹಣ ನುಂಗುವ ಇಂಥ ಕೇಂದ್ರಗಳಿಗೆ ಬೀಗ ಹಾಕುವುದು ಆರೋಗ್ಯ ಇಲಾಖೆಯ ಕರ್ತವ್ಯ. ಇನ್ನು ಬಡಾವಣೆಗೊಂದರಂತೆ ಎದ್ದಿರುವ ಥೆರಪಿ ಕೇಂದ್ರಗಳು. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇಲ್ಲದೆ ವೃತ್ತಿ ಮಾಡುವವರಿಗೆ 1992ರ ಕಾಯ್ದೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಮೂರು ತಿಂಗಳ ಕೋರ್ಸಿನ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತು ಬಾರದ ಮಗುವಿನ ಕೈ ಹಿಡಿದು ಅದುಮಿ ಕೂರಿಸುವವರ ಬಗ್ಗೆ ಪೋಷಕರು ದೂರು ಕೊಟ್ಟರೆ, ಪೊಲೀಸರು ಅದನ್ನು ಫೀ ಜಗಳವೆಂದು ತಳ್ಳಿಹಾಕಕೂಡದು.

ಮತ್ತೊಬ್ಬರ ವಿಷಯದಲ್ಲೂ ತೀರ್ಪು ಹೇಳಬೇಕಿದೆ. ‘ಆ ಹುಡುಗ ಇರುವ ಸೆಕ್ಷನ್ನಿನಲ್ಲಿ ನಮ್ಮ ಮಗಳು ಬೇಡ’ ಎಂದು ಸಹಿ ಸಂಗ್ರಹಿಸಿ ಪ್ರಿನ್ಸಿಪಾಲರ ಮುಂದಿಡುವ ಉಳಿದ ಪೋಷಕರು. ನಿಮ್ಮ ಆತಂಕವನ್ನು ಶಾಲೆಯ ಮುಂದಿಡಿ, ಹೆಚ್ಚು ಶಿಕ್ಷಕರನ್ನು ಕೇಳಿ, ಅದಕ್ಕಾಗಿ ಆ ಮಗುವಿನ ತಾಯಿಯ ಪಕ್ಕದಲ್ಲಿ ನಿಲ್ಲಿ. ಒಂದು ಮಗುವನ್ನು ಹೊರದಬ್ಬಲು ಹಾಕುವ ಸಹಿ ನಾಗರಿಕರ ಸಹಿಯಲ್ಲ. ಹಾಗೆಯೇ ಆಟಿಸಂ ಮಕ್ಕಳ ಪೋಷಕ ಸಂಘಟನೆಗಳಿಗೂ ಒಂದು ಮಾತು: ಆಟಿಸಂ ಇರುವ ದೊಡ್ಡವರು ಈಗ ತಮ್ಮ ಬಗ್ಗೆ ತಾವೇ ಮಾತಾಡುತ್ತಿದ್ದಾರೆ, ಬರೆಯುತ್ತಿದ್ದಾರೆ, ಮಾತು ಬಾರದವರು ಟೈಪ್ ಮಾಡಿ ಹೇಳುತ್ತಿದ್ದಾರೆ. ತಮ್ಮನ್ನು ಬದಲಿಸುವುದಕ್ಕಿಂತ ಸುತ್ತಲಿನ ಸದ್ದು, ಬೆಳಕು, ಅವಸರಗಳನ್ನು ಬದಲಿಸಿ ಎಂಬ ಅವರ ಬೇಡಿಕೆ ಪೋಷಕರ ವೇದಿಕೆಯಲ್ಲಿ ಮುಂದಿನ ಸಾಲಿನಲ್ಲಿರಬೇಕು.

ಇನ್ನು ಮುಂದೆ ಆಗಬೇಕಾದುದೇನು? ಪ್ರವೇಶ ನಿರಾಕರಿಸುವ ಶಾಲೆ ಕಾರಣವನ್ನು ಬರೆದುಕೊಡಲೇಬೇಕು, ಅದರ ಪ್ರತಿ ಬಿಇಒ ಕಚೇರಿಗೆ ಅಂದೇ ತಲುಪಬೇಕು. ಬಿಇಒ ಸುಮ್ಮನಿದ್ದರೆ ಅವರ ಮೇಲೆ ಕ್ರಮ. ಮಾನ್ಯತೆ ನವೀಕರಣದ ಅರ್ಜಿಯಲ್ಲಿ ಶೌಚಾಲಯ, ಅಗ್ನಿಸುರಕ್ಷೆಯ ಜತೆ ಎಷ್ಟು ವಿಶೇಷ ಶಿಕ್ಷಕರಿದ್ದಾರೆ ಎಂಬ ಕಾಲಮ್ಮೂ ಇರಬೇಕು, ಅದು ಖಾಲಿ ಇದ್ದರೆ ಮಾನ್ಯತೆ ಇಲ್ಲ. ಶ್ಯಾಡೋ ಟೀಚರ್ ಖರ್ಚನ್ನು ಪೋಷಕರ ತಲೆಗೆ ಕಟ್ಟುವುದನ್ನು ಸುತ್ತೋಲೆ ಹೊರಡಿಸಿ ನಿಷೇಧಿಸಬೇಕು. ಶಾಲಾಮಕ್ಕಳಲ್ಲಿ ವೈಕಲ್ಯವಿರುವವರ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕು, ಮೊದಲನೆಯದನ್ನು ಕಾಯ್ದೆ ಜಾರಿಯಾದ ಎರಡು ವರ್ಷದೊಳಗೆ ಮುಗಿಸಬೇಕು ಎಂದು ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ವಿಧಿಸಿದೆ. ಆ ಗಡುವು 2019ರ ಏಪ್ರಿಲ್‌ಗೆ ಮುಗಿಯಿತು. ತಾಲ್ಲೂಕುವಾರು ಅಂಕಿಗಳನ್ನು ಶಿಕ್ಷಣ ಸಚಿವರು ಸದನದ ಮುಂದೆ ಇಡಲಿ, ಸುಪ್ರೀಂ ಕೋರ್ಟ್ ಹೇಳಿದ ಅನುಪಾತದಲ್ಲಿ ಎಷ್ಟು ಹುದ್ದೆ ಬೇಕು, ಎಷ್ಟು ತುಂಬಿದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಲಿ.

ಶಾಲೆ ಮುಗಿದ ಮೇಲಿನ ಪ್ರಶ್ನೆಯನ್ನು ಯಾವ ಸರ್ಕಾರವೂ ಮುಟ್ಟುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯ ಎಲ್ಲಕ್ಕೂ ಸೇರಿ ಮೀಸಲು ಶೇ 1 ಮಾತ್ರ. ಮಗನಿಗೆ 18 ತುಂಬಿದ ದಿನ ಅಮ್ಮ ಕಾನೂನಿನ ಕಣ್ಣಲ್ಲಿ ಅವನ ಪೋಷಕಳಾಗಿ ಉಳಿಯುವುದಿಲ್ಲ; ಬ್ಯಾಂಕಿನಲ್ಲಿ ಸಹಿ ಮಾಡಲು ಬಾರದವನಿಗಾಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ, ಸಾಕಿದವಳೇ ಪೋಷಕತ್ವದ ಪತ್ರ ತರಬೇಕು. ಆ ಸಮಿತಿ ಪ್ರತಿ ತಿಂಗಳು ಸಭೆ ಸೇರಿ ಅರ್ಜಿಗಳನ್ನು ಇತ್ಯರ್ಥಪಡಿಸಬೇಕು. ಅರವತ್ತು ದಾಟಿದ ಪೋಷಕರು ತಮ್ಮಲ್ಲೇ ಕೇಳಿಕೊಳ್ಳುವ ಪ್ರಶ್ನೆ ಇದಕ್ಕಿಂತ ದೊಡ್ಡದು: ನಾವಿಲ್ಲದ ಮೇಲೆ ಇವನನ್ನು ನೋಡುವವರು ಯಾರು? ಒಡಹುಟ್ಟಿದವರ ಒಳ್ಳೆಯತನದ ಮೇಲೆ ಒಬ್ಬ ನಾಗರಿಕನ ಇಡೀ ಬದುಕನ್ನು ಬಿಡುವಂತಿಲ್ಲ. ರಾಷ್ಟ್ರೀಯ ನ್ಯಾಸದ ‘ಘರೌಂದಾ’ ಎಂಬ ಜೀವಮಾನದ ವಸತಿ ಯೋಜನೆ ಕಾಗದದಲ್ಲಿದೆ. ಅದಕ್ಕಾಗಿ ದೆಹಲಿಯತ್ತ ನೋಡುತ್ತ ಕೂರದೆ, ಜಿಲ್ಲೆಗೊಂದರಂತೆ ಹತ್ತು ಹನ್ನೆರಡು ಜನ ಮನೆಯಂತೆ ಬಾಳಬಹುದಾದ, ತರಬೇತಿ ಪಡೆದ ಆರೈಕೆದಾರರಿರುವ, ಪೋಷಕರು ಬದುಕಿರುವಾಗಲೇ ಮಗ ಮಗಳು ಹೋಗಿಬಂದು ರೂಢಿ ಮಾಡಿಕೊಳ್ಳಬಹುದಾದ ಮನೆಗಳನ್ನು ರಾಜ್ಯವೇ ನಡೆಸಬೇಕು. ಮುಖ್ಯಮಂತ್ರಿಗಳು ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು ಹಣ ಇಡಲಿ.